ಗೂಟದ ಮೇಲಿನ ಹಲಗೆ

ಸುರಪುರದಲ್ಲಿ ನಾನು, ಸಾಯಿಕುಮಾರ ಒಂಬತ್ತು ವರ್ಷ ಜೊತೆಯಾಗಿ ಎಲೆಕ್ಟ್ರಾನಿಕ್ ಸಂಗೀತ ಮಾಡಿದೆವು. ಅವನದು ಲ್ಯಾಪ್‌ಟಾಪ್, ನನ್ನದು ತಮಟೆಯಂಥ ಚರ್ಮದ ಹಲಗೆ. ಹೊಸ ಆಲ್ಬಮ್ಮಿಗೆ ಅವನು ನನ್ನನ್ನು ಕರೆಯಲೇ ಇಲ್ಲ. ಅದು ಬಂದ ದಿನ ಮಧ್ಯಾಹ್ನ ಹಾಕಿ ಕೇಳಿದೆ. ಬರೀ ಮಷಿನ್ನಿನ ಸದ್ದು. ಅದರಡಿಯಲ್ಲಿ ನನ್ನ ಹಲಗೆ, ನನ್ನ ಎಡಗೈ ಯಾವಾಗಲೂ ತಡಮಾಡುವ ಆ ಒಂದು ಪೆಟ್ಟಿನ ಸಮೇತ. ಫೋನ್ ಮಾಡಿದೆ.

"ನನ್ನ ಹಳೇ ರೆಕಾರ್ಡಿಂಗ್ ಹಾಕೀಯೇನು?"

"ಇಲ್ಲಪಾ. ಹಲಗಿ ಪೂರಾ ತಗದೀನಿ. ನಮ್ಮ ಸೌಂಡೇ ಬ್ಯಾರೆ ಮಾಡೀನಿ," ಅಂದ.

ಬೆಂಕಿಗೆ ಕಾಯಿಸದೆ ಹಲಗೆ ಹಾಗೆ ನುಡಿಯುವುದಿಲ್ಲ. ನನ್ನದು ಆರು ತಿಂಗಳಿಂದ ಗೋಡೆಯ ಗೂಟದಲ್ಲೇ ತೂಗುತ್ತಿತ್ತು. ಇಳಿಸಿ ಕೈಯಿಟ್ಟೆ. ಚರ್ಮ ಸುಡುತ್ತಿತ್ತು. ಜೋರಾಗಿ ಬಾರಿಸಿದೆ.

ನನ್ನ ಕೈಗೆ ಅದು ಇವತ್ತಿಗೂ ಸದ್ದು ಕೊಟ್ಟಿಲ್ಲ.