ಐವತ್ತೊಂದು ಕಿಲೋ ಬೆಕ್ಕು

ದಯವಿಟ್ಟು ಇದನ್ನು ಪೂರ್ತಿ ಕೇಳಿಬಿಡಿ. ಹುಡುಗಿಯ ಮೇಲೆ ಕಣ್ಣಿಡಲು ಮಷೀನ್ ಇಟ್ಟ ಎಂದು ಅರ್ಧಕ್ಕೇ ತೀರ್ಮಾನ ಮಾಡಿಬಿಟ್ಟರೆ ನನ್ನ ಕಥೆ ಮುಗಿಯಿತು. ನಾನು ಇಟ್ಟದ್ದು ಬೆಕ್ಕಿಗೆ.

ಚಾಮರಾಜಪೇಟೆಯಲ್ಲಿ ನಮ್ಮದು ತಕ್ಕಡಿ ಅಂಗಡಿ. ಒಂದು ಮಧ್ಯಾಹ್ನ ತನ್ಮಯಿ ಒಳಗೆ ಬಂದು, ಬೆವರು ಒರೆಸಿಕೊಳ್ಳುತ್ತಾ ಕೇಳಿದಳು. "ಒಂದ್ ಕಡೆ ನಿಲ್ಲದೇ ಇರೋರನ್ನ ತೂಕ ಮಾಡೋಕೆ ಏನಾದ್ರೂ ಇದ್ಯಾ?"

ಯಾರನ್ನು ಎಂದೆ. ಬೆಕ್ಕನ್ನು ಎಂದಳು. ನಾನು ನಕ್ಕೆ, ಅವಳು ನಗಲಿಲ್ಲ.

ಬೆಕ್ಕಿನ ಹೆಸರು ಕೋಡುಬಳೆ. ಮಲಗಿದರೆ ಮೂತಿ ಬಾಲ ಸೇರಿ ಹಾಗೇ ಕಾಣುತ್ತದೆ. ಹದಿಮೂರು ವರ್ಷ, ಹಾರ್ಟ್ ವೀಕು. ನಿದ್ದೆಯಲ್ಲಿ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತದೆ ಎಂದು ದಿನಾ ಎಣಿಸಿ, ಮೂವತ್ತು ದಾಟಿದರೆ ಕೂಡಲೇ ಕರೆತನ್ನಿ, ತೂಕವೂ ನೋಡುತ್ತಿರಿ ಎಂದು ಡಾಕ್ಟರು ಹೇಳಿದ್ದರಂತೆ. ಆದರೆ ಯಾರಾದರೂ ನೋಡುತ್ತಿದ್ದಾರೆ ಎಂದರೆ ಸಾಕು, ಕೋಡುಬಳೆಗೆ ಎಚ್ಚರವಾಗಿಬಿಡುತ್ತದೆ. ಕತ್ತಿಗೆ ಉಸಿರು ಎಣಿಸುವ ಪಟ್ಟಿ ಕಟ್ಟಿದರೆ ಹತ್ತೇ ನಿಮಿಷದಲ್ಲಿ ಪಟ್ಟಿ ಸೋಫಾ ಕೆಳಗಿರುತ್ತದೆ. ಇನ್ನು ಕ್ಯಾಮೆರಾ ಒಳಗೆ ಬಂದರೆ ತಾನು ಹೊರಗೆ ಎಂದು ಅವಳ ಅಜ್ಜಿ ರಂಗನಾಯಕಿ ಹೇಳಿಬಿಟ್ಟಿದ್ದರು.

ಎರಡು ವಾರ ತಲೆ ಕೆಡಿಸಿಕೊಂಡು ಒಂದು ತೆಳ್ಳನೆಯ ಪ್ಲೇಟ್ ಮಾಡಿದೆ. ಬಸವನಗುಡಿಯ ಅವರ ಮನೆಯಲ್ಲಿ, ಕಿಟಕಿ ಪಕ್ಕ ಕೋಡುಬಳೆ ಮಲಗುವ ದಿಂಬಿನ ಕೆಳಗೆ ಅದನ್ನು ತೂರಿಸಿದೆ. ಬೆಕ್ಕಿನ ತೂಕ ತಿಳಿಯುತ್ತದೆ. ಉಸಿರಾಡಿದಾಗ ಆ ತೂಕ ಕೂದಲೆಳೆಯಷ್ಟು ಅಲುಗುವುದೂ ಗೀಟಾಗಿ ಫೋನಿಗೆ ಬರುತ್ತದೆ. ಆಪ್ ಇನ್ನೂ ಅರ್ಧಂಬರ್ಧವಾಗಿದ್ದರಿಂದ ಸದ್ಯಕ್ಕೆ ನನ್ನ ಫೋನಿಗೆ ಮಾತ್ರ.

ಮೊದಲ ದಿನ ನಾಲ್ಕು ಕಿಲೋ ಇನ್ನೂರು ಗ್ರಾಂ, ಇಪ್ಪತ್ತೆರಡು ಉಸಿರು. ಕೋಡುಬಳೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಜ್ಜಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ತನ್ಮಯಿ ಫೋನ್ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದಳು. ಎಷ್ಟು ಹೊತ್ತು ಎಂದು ಕೇಳಬೇಡಿ, ನಾನು ಅಷ್ಟರಲ್ಲಿ ಎಣಿಸುವುದನ್ನೇ ಮರೆತಿದ್ದೆ.

ಅಂದಿನಿಂದ ದಿನಾ ಬೆಳಿಗ್ಗೆ ಅವಳಿಗೆ ನನ್ನ ಮೆಸೇಜ್. "ಇಪ್ಪತ್ಮೂರು. ಆರಾಮಾಗಿದಾನೆ." ಅವಳಿಂದ ಒಂದು ಬೆಕ್ಕಿನ ಇಮೋಜಿ.

ಮುಂದಿನ ಶನಿವಾರ ಸಂಜೆ ನಾಲ್ಕಕ್ಕೆ ಫೋನ್ ಬಡಿದುಕೊಂಡಿತು. ಬೆಕ್ಕಿನ ತೂಕ ಐವತ್ತೊಂದು ಕಿಲೋ. ಗಾಬರಿಯಾಗಿ ಫೋನ್ ಮಾಡಿದೆ. "ಕೆಟ್ಟಿರ್ಬೇಕು ಗೌರೀಶ್, ಬಂದು ನೋಡಿ" ಎಂದಳು.

ಹೋದೆ. ಕೋಡುಬಳೆ ದಿಂಬಿನ ಮೇಲಿತ್ತು, ಪ್ಲೇಟ್ ಸರಿಯಾಗಿತ್ತು. ಅಜ್ಜಿ ಕಾಫಿ ಕೊಟ್ಟರು.

ಮುಂದಿನ ಶನಿವಾರವೂ ಐವತ್ತೊಂದು. ಅದರ ಮುಂದಿನ ಎರಡು ಶನಿವಾರವೂ. ವಾರದ ಆರು ದಿನ ಒಂದು ಗ್ರಾಂ ತಪ್ಪದ ಪ್ಲೇಟ್ ಶನಿವಾರ ಮಾತ್ರ ಕೆಡುತ್ತಿತ್ತು. ನಾನು ಬಿಚ್ಚುವುದು, ಅವಳು ಎದುರಿಗೆ ಕೂತು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಳ್ಳುವುದು. ಕೊನೆಯದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು ಎಲ್ಲಾ ಕೊಟ್ಟಾಯಿತು ಎನ್ನುವಳು. ನಾನು ನೆಲವೆಲ್ಲ ಹುಡುಕುವಾಗ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಳ್ಳುವಳು. ನಿಮ್ಮ ಮಷೀನಿಗೆ ಶನಿವಾರ ಆಗಿಬರುವುದಿಲ್ಲ ಎಂದು ರೇಗಿಸುವಳು.

ಐದನೇ ವಾರದ ಶುಕ್ರವಾರ ಅಂಗಡಿಯಲ್ಲಿ ಕೂತು ನಾಲ್ಕೂ ಶನಿವಾರದ ಗೀಟುಗಳನ್ನು ಒಟ್ಟಿಗೆ ತೆರೆದೆ. ಐವತ್ತೊಂದು ಕಿಲೋ, ಹದಿನಾರು ಉಸಿರು. ಇದು ಮಷೀನಿನ ದೋಷವಲ್ಲ, ದಿಂಬಿನ ಮೇಲೆ ಯಾರೋ ಕೂತಿದ್ದಾರೆ. ಅಜ್ಜಿಯಂತೂ ಅಲ್ಲ.

ನಗು ಬಂತು. ಆಮೇಲೆ ಇನ್ನೊಂದು ಕಾಣಿಸಿತು. ನಾಲ್ಕೂ ಸಲ ಒಂದು ಜಾಗದಲ್ಲಿ ಗೀಟು ಅಲುಗದೆ ನೇರವಾಗಿ ಹೋಗಿತ್ತು, ಉಸಿರು ಬಿಗಿಹಿಡಿದ ಹಾಗೆ. ಆರು ಸೆಕೆಂಡ್, ಏಳು, ಏಳು, ಹೋದ ವಾರ ಒಂಬತ್ತು. ಸಮಯ ತಾಳೆ ನೋಡಿದೆ. ನನ್ನ ಸ್ಕೂಟರ್ ಅವರ ಗೇಟಿಗೆ ಬಂದ ಹೊತ್ತು ಅದು.

ಫೋನ್ ಮುಚ್ಚಿಟ್ಟೆ. ಮುಖ ಯಾಕೆ ಹೀಗಾಯಿತು ಎಂದು ಅಪ್ಪ ಕೇಳಿದರು. ಸೆಖೆ ಎಂದೆ.

ಒಂದು ಗಂಟೆ ತೇಲುತ್ತಿದ್ದೆ, ಆಮೇಲೆ ಎದುರಿನ ತಕ್ಕಡಿ ಕಣ್ಣಿಗೆ ಬಿತ್ತು. ನಮ್ಮ ಅಂಗಡಿಯಲ್ಲಿ ತೂಕ ಗಿರಾಕಿಗೂ ಕಾಣುವ ಹಾಗೆ ತಕ್ಕಡಿ ಇಡುತ್ತೇವೆ. ಇಲ್ಲಿ ಅವಳದನ್ನು ಅವಳಿಗೇ ಕಾಣದ ಹಾಗೆ ನಾನೊಬ್ಬನೇ ಓದಿಬಿಟ್ಟಿದ್ದೆ. ಹೇಳಿದರೆ ಪ್ಲೇಟಿನ ಜೊತೆ ನನ್ನನ್ನೂ ಹೊರಗೆ ಹಾಕಬಹುದು. ಹೇಳದಿದ್ದರೆ ಇನ್ನು ಪ್ರತಿ ಶನಿವಾರ ಅವಳ ಎದುರು ಏನೂ ಗೊತ್ತಿಲ್ಲದವನ ಹಾಗೆ ಸ್ಕ್ರೂ ಹುಡುಕಬೇಕು.

ಶನಿವಾರ ಬಾಗಿಲಲ್ಲೇ ಫೋನನ್ನು ಅವಳ ಕೈಗೆ ಕೊಟ್ಟು, ಉಸಿರಿನ ವಿಷಯವನ್ನೂ ಸೇರಿಸಿ ಎಲ್ಲ ಹೇಳಿದೆ. ಅವಳ ಕಿವಿ ಕೆಂಪಾಯಿತು. ಗೀಟುಗಳನ್ನು ಒಂದೊಂದಾಗಿ ಸರಿಸಿ ನೋಡಿದಳು. ಒಂಬತ್ತು ಸೆಕೆಂಡಿನ ಹತ್ತಿರ ಬೆರಳು ನಿಂತಿತು.

"ಮೊದಲ್ನೇ ಸಲ ಗೊತ್ತಿಲ್ದೆ ಕೂತೆ," ಎಂದಳು. "ಆಮೇಲೆ ನೀವು ಬರ್ಲಿ ಅಂತ ಕೂತೆ. ತೂಕ ನಾನು ಬೇಕಂತ್ಲೇ ಕೊಟ್ಟಿದ್ದು. ಉಸಿರು ಕೊಟ್ಟಿರ್ಲಿಲ್ಲ."

"ಗೊತ್ತು. ಅದಕ್ಕೇ ಹೇಳ್ದೆ."

"ಯಾವಾಗಿಂದ ಗೊತ್ತು?"

"ನಿನ್ನೆ."

"ನಿನ್ನೇನೇ ಯಾಕೆ ಹೇಳ್ಲಿಲ್ಲ?"

"ನಿನ್ನೆ ತುಂಬಾ ಖುಷಿಯಾಗಿದ್ದೆ."

ಅವಳು ನಗು ತಡೆದದ್ದು ಕೆನ್ನೆಯಲ್ಲಿ ಕಾಣಿಸಿತು. ಹೋಗಿ ದಿಂಬಿನ ಮೇಲಿನ ಕೋಡುಬಳೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅದು ಗೊಣಗಿತು.

"ಕೂತ್ಕೋ," ಎಂದಳು. ಅಷ್ಟು ದಿನ ನನಗೆ ಬರೀ ನೀವು, ಬನ್ನಿ.

ಕೂತೆ. ಎಪ್ಪತ್ತೆರಡು ಕಿಲೋ. ಅವಳು ಎದುರು ಗೋಡೆಗೆ ಒರಗಿ, ಒಂದು ಕೈಯಲ್ಲಿ ಬೆಕ್ಕು, ಇನ್ನೊಂದರಲ್ಲಿ ನನ್ನ ಫೋನ್ ಹಿಡಿದು ನಿಂತಳು. ಮಷೀನ್ ಮಾಡಿದವನೇ ನಾನು, ಹೇಗೆ ಉಸಿರಾಡಿದರೆ ಗೀಟು ಚೆನ್ನಾಗಿ ಬರುತ್ತದೆ ಎಂದು ಗೊತ್ತು. ಒಂದೇ ಸಮನೆ ಉಸಿರಾಡಿದೆ. ಒಂದು ನಿಮಿಷ ಅವಳು ನನ್ನ ಉಸಿರು ಎಣಿಸಿದಳು. ಆಮೇಲೆ ಫೋನಿನ ಮೇಲಿಂದ ಕಣ್ಣೆತ್ತಿದಳು.

"ಶನಿವಾರ ಬಿಟ್ಟು ಬೇರೆ ದಿನಾನೂ ಬರ್ತೀಯಾ? ರಿಪೇರಿಗಲ್ಲ."

ಅವಳು ಫೋನ್ ತಿರುಗಿಸಿ ತೋರಿಸಿದಳು. ಗೀಟು ಅಂಗಡಿ ಬಾಗಿಲ ಹೊಸ್ತಿಲಿನ ಹಾಗೆ ನೇರ. ಹನ್ನೊಂದು ಸೆಕೆಂಡ್ ಆದಮೇಲೆ, "ಬರ್ತೀನಿ" ಎಂದೆ. ಅಷ್ಟು ಹೊತ್ತು ಬೇಕಿತ್ತಾ ಎಂದು ಅವಳು ಇವತ್ತಿಗೂ ರೇಗಿಸುತ್ತಾಳೆ. ನೀವೇ ಹೇಳಿ, ನೀವಾಗಿದ್ದರೆ ಆಗ ಉಸಿರು ಬಿಡುತ್ತಿದ್ದಿರಾ?