ಬಸವೇಶ ಬರೆದ ಅಣು

ಚಹಾದ ತಟ್ಟೆ ಹಿಡಿದು ಪಡಸಾಲೆಗೆ ಬಂದ ರಂಜನಾ ತಲೆಯೆತ್ತಿದಳು... ಅಷ್ಟೇ! 

ತನ್ನನ್ನು ನೋಡಲು ಸವಣೂರಿಗೆ ಬಂದ ಮಾಸೂರಿನ ವರ... ಬಸವೇಶ!

'ಅಯ್ಯೋ ಶಿವನೇ, ಇವರಾ?'

ಫೋಟೊ ನೋಡೆಂದರೆ, ಹೆಸರು ಕೇಳೆಂದರೆ ಒಲ್ಲೆನೆಂದು ಹಟ ಹಿಡಿದಿದ್ದಳಲ್ಲ, ಈಗ ಅನುಭವಿಸಲಿ!

ಎಂಟು ತಿಂಗಳ ಹಿಂದೆ ಇಬ್ಬರೂ ಧಾರವಾಡದ ಒಂದೇ ಲ್ಯಾಬಿನಲ್ಲಿದ್ದರು. ಲಿಥಿಯಂ ಲೋಹದ ಬ್ಯಾಟರಿಗೆ ಹೊಸ ದ್ರಾವಕ ಹುಡುಕುವ ಕೆಲಸ. ಲಿಥಿಯಂ ಅನ್ನು ಬಿಗಿಯಾಗಿ ಹಿಡಿಯದೆ, ಬೇಕಾದಲ್ಲಿ ಸಲೀಸಾಗಿ ಬಿಟ್ಟುಕೊಡುವ ಅಣುವೊಂದನ್ನು ಬಸವೇಶ ಹಾಳೆಯ ಮೇಲೆ ಬರೆದ. ಅದನ್ನು ತಯಾರಿಸಿ ಬ್ಯಾಟರಿಗೆ ತುಂಬಿದವಳು ರಂಜನಾ. ಹತ್ತೇ ಸಲ ಚಾರ್ಜ್ ಆಗಿ ಬ್ಯಾಟರಿ ಸತ್ತಿತು. ಬಿಚ್ಚಿದರೆ ಒಳಗೆ ಲಿಥಿಯಂ ಲೋಹವೇ ಮುಳ್ಳುಮುಳ್ಳಾಗಿ ಬೆಳೆದಿತ್ತು!

"ನಿಮ್ಮ ಅಣುನ ಸರಿ ಇಲ್ರಿ! ನನ್ನ ಒಂದು ವರ್ಷ ಹಾಳು ಮಾಡಿದ್ರಿ!" ಎಂದು ಎಲ್ಲರ ಮುಂದೆ ಚೀರಿದ್ದಳು.

ಬಸವೇಶ ಮರುವಾರ ಲ್ಯಾಬನ್ನೇ ಬಿಟ್ಟ. ಹಿರೇಕೆರೂರಿನಲ್ಲಿ ಹೈಸ್ಕೂಲ್ ಮಾಸ್ತರನಾದನಂತೆ.

ಆಮೇಲೆ ತಿಳಿಯಿತು... ತಪ್ಪು ಅವಳದೇ! ದ್ರಾವಕದ ನೀರಿನಂಶ ಹೀರಲು ಹಾಕುವ ಹರಳುಗಳನ್ನು ಅವಸರದಲ್ಲಿ ಮೊದಲು ಕಾಯಿಸಿ ಒಣಗಿಸಿಯೇ ಇರಲಿಲ್ಲ. ಎಷ್ಟು ಸಲ ಫೋನ್ ಕೈಗೆತ್ತಿಕೊಂಡಳೋ... ಯಾವ ಮುಖ ಇಟ್ಟುಕೊಂಡು ಮಾತಾಡುವುದು? ಅವನಿಲ್ಲದ ಲ್ಯಾಬು ಬಿಕೋ ಎನ್ನುತ್ತಿತ್ತು.

'ಇವತ್ತು ಎಲ್ಲರ ಮುಂದ ಒಲ್ಲೆ ಅನ್ನಾಕ ಬಂದಾರ. ಅನ್ಲಿ!'

"ಏನರ ಕೇಳೂದಿದ್ರ ಕೇಳಪಾ," ಎಂದರು ಬಸವೇಶನ ತಂದೆ ದ್ಯಾಮಪ್ಪ.

ಅವನು ಬಾಯಿ ತೆರೆಯುವ ಮೊದಲೇ ರಂಜನಾ ತಟ್ಟೆ ಕೆಳಗಿಟ್ಟಳು.

"ಮೊದಲ ನಾ ಹೇಳ್ತೇನ್ರಿ. ಬ್ಯಾಟರಿ ಕೆಡಿಸಿದಾಕಿ ನಾನ... ಹರಳು ಕಾಯಿಸಿರಲಿಲ್ಲ, ನೀರು ಉಳಿದಿತ್ತು. ಎಲ್ಲರ ಮುಂದ ನಿಮ್ಮನ್ನ ಬೈದಿದ್ದೆ. ಎಲ್ಲರ ಮುಂದನ ಕೈ ಮುಗೀತೇನಿ."

ಮುಗಿದ ಕೈ ಇಳಿಸದೆಯೇ ಮುಂದುವರಿಸಿದಳು.

"ಹೊಸದಾಗಿ ಮಾಡಿದೆ. ಮೊನ್ನೆಗೆ ಮುನ್ನೂರು ಸಲ ಚಾರ್ಜ್ ಆತು. ಬಿಚ್ಚಿ ನೋಡಿದ್ರ ಒಂದು ಮುಳ್ಳಿಲ್ರಿ! ಪ್ರಬಂಧದಾಗ ನಿಮ್ಮ ಹೆಸರ ಮೊದಲ ಬರದೇನಿ."

ಬಸವೇಶನ ಕಣ್ಣು ತುಂಬಿತು.

"ಖರೇನಾ? ಆ ಹಾಳಿ ಒಲಿಗೆ ಹಾಕಿದ್ದೆ ರೀ... ಈ ವಿದ್ಯಾ ನನಗ ಬರಂಗಿಲ್ಲ ಅಂತ."

"ಕನ್ಯಾ ನೋಡಾಕ ಬಂದಲ್ಲಿ ಇದೇನ್ ಬ್ಯಾಟರಿ ಪುರಾಣ!" ರಂಜನಾಳ ಸೋದರತ್ತೆ ಮಹಾದೇವಕ್ಕ ಗದರಿದಳು. "ಹುಡುಗಿ ಮನಸ್ಸಿಗೆ ಬಂದಾಳೋ ಇಲ್ಲೋ, ಅದನ್ನ ಹೇಳಪಾ!"

"ಬೈದ ದಿನಾನೂ ಮನಸ್ಸಿನ್ಯಾಗ ಇದ್ಳು ರೀ."

ಎಲ್ಲರೂ ಹೋ ಎಂದು ನಕ್ಕರು. ಆ ಗದ್ದಲದಲ್ಲಿ ರಂಜನಾ ಅವನಿಗಷ್ಟೇ ಕೇಳುವಂತೆ ಅಂದಳು:

"ಒಲ್ಲೆ ಅನ್ನಾಕ ಬಂದೀರಿ ಅಂದ್ಕೊಂಡಿದ್ದೆ..."

"ಫೋಟೊದಾಗ ನೀವಂತ ಗೊತ್ತಾತು. ನೀವ ಒಲ್ಲೆ ಅಂತೀರಿ ಅಂದ್ಕೊಂಡಿದ್ದೆ. ಅಂದ್ರೂ ಅನ್ಲಿ, ಇನ್ನೊಮ್ಮೆ ನೋಡಿದಂಗರ ಆಕ್ಕೈತಿ ಅಂತ ಬಂದೆ ರೀ!"