ಸಾಸಿವೆಯ ಬೆನ್ನು ಹತ್ತಿದ ಹುರುಳಿ

ಅವನೇ!

ದುರ್ಗಾಂಬಿಕಾಳ ಎದೆ ಝಲ್ಲೆಂದಿತು. ಚನ್ನಗಿರಿ ಬಸ್ ನಿಲ್ದಾಣದ ಕಂಬಕ್ಕೊರಗಿ ನಿಂತಿದ್ದಾನೆ. ಅದೇ ಬೂದು ಶರ್ಟು, ಅದೇ ಕುರುಚಲು ಗಡ್ಡ. ಮೊನ್ನೆ ಅವಳು ಕೆಲಸ ಮಾಡುವ ಮಣ್ಣು ಪರೀಕ್ಷೆ ಕೇಂದ್ರದ ಎದುರಿನ ಟೀ ಅಂಗಡಿಯಲ್ಲಿದ್ದ. ನಿನ್ನೆ ಅವಳ ಬಾಡಿಗೆ ಮನೆಯ ಓಣಿಯಲ್ಲಿ. ಇವತ್ತು ಇಲ್ಲಿ!

"ಅಕ್ಕಾ..." ಹೂವು ಮಾರುವ ಅನಿತಾ ಮೆಲ್ಲಗೆ ಕರೆದಳು. "ಆ ಅಣ್ಣ ನಿಮ್ಮ ಬಗ್ಗೆ ಕೇಳ್ತಿದ್ದ. ಸೊಕ್ಕೆಯೋರಾ, ಎಲ್ಲಿರ್ತಾರೆ, ಯಾರ ಜೊತೆಗಾದ್ರೂ ಓಡಾಡ್ತಾರಾ ಅಂತ. ನಿಮಗೆ ಬೇಕಾದೋರಾ?"

"ಇ... ಇಲ್ಲ."

ಕೈಯಲ್ಲಿದ್ದ ಮಲ್ಲಿಗೆ ಮೊಳ ಜಾರಿ ಬಿತ್ತು. ಎತ್ತಿಕೊಳ್ಳಲೂ ಬಗ್ಗಲಿಲ್ಲ, ಬಗ್ಗಿದರೆ ಅವನು ಹತ್ತಿರ ಬಂದುಬಿಟ್ಟರೆ!

ಇನ್ನೂ ಐದೂವರೆ ಗಂಟೆ, ಸುತ್ತ ನೂರಾರು ಜನ. ಹಾಡುಹಗಲಲ್ಲೇ ಇಷ್ಟೇಕೆ ಹೆದರಿಕೆ ಎನ್ನಬೇಡಿ. ಇವಳಿಗೆ ಎರಡು ಭಯ. ಒಂದು, ಹಿಂದೆ ಬಿದ್ದವನದು. ಇನ್ನೊಂದು, ಹುಟ್ಟೂರು ಸೊಕ್ಕೆಯಲ್ಲಿರುವ ಅಣ್ಣನದು.

ಡಿಗ್ರಿ ಎರಡನೇ ವರ್ಷದಲ್ಲೂ ಒಬ್ಬ ಹೀಗೇ ಹಿಂದೆ ಬಿದ್ದಿದ್ದ. ನಂಬಿ ಮನೆಯಲ್ಲಿ ಹೇಳಿದಳು. ಅಣ್ಣ ಜಂಪಣ್ಣ ಆ ಹುಡುಗನ ತಂಟೆಗೆ ಹೋಗಲಿಲ್ಲ. ತಂಗಿಯನ್ನೇ ಕಾಲೇಜು ಬಿಡಿಸಿ ಒಂದು ವರ್ಷ ಮನೆಯಲ್ಲಿ ಕೂರಿಸಿದ! ಈ ಕೆಲಸಕ್ಕೆ ಕಳಿಸುವಾಗಲೂ ಬೆರಳು ತೋರಿಸಿ ಹೇಳಿದ್ದ: "ಒಂದೇ ಒಂದು ಮಾತು ಕೇಳಿಬಂದ್ರೆ ಅವತ್ತೇ ಗಂಟುಮೂಟೆ ಕಟ್ಟಬೇಕು."

ಈಗ ಊರೆಲ್ಲ ಕೇಳಿಕೊಂಡು ತಿರುಗುತ್ತಿದ್ದಾನಲ್ಲ ಈ ಮಹಾನುಭಾವ!

'ಯಾರಿಗೆ ಹೇಳಲಿ ದೇವರೇ...'

ಒಬ್ಬನೇ ಒಬ್ಬ ನೆನಪಾದ. ಮುಖ ನೋಡಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಅವನು ಹುರುಳಿ!

ನಗಬೇಡಿ, ಹೇಳುತ್ತೇನೆ. ಇಂಗ್ಲಿಷ್ ಮೇಷ್ಟ್ರು ಮಹೇಶ್ವರಪ್ಪನವರಿಗೆ ಲಂಡನ್ನಿನ ಬೇಹುಗಾರರ ಹಳೇ ಟೀವಿ ಸೀರಿಯಲ್ ಎಂದರೆ ಪ್ರಾಣ. ಹೊನ್ನಾಳಿ ಕಾಲೇಜಿನಲ್ಲಿದ್ದಾಗ ಅದರ ಬಣ್ಣದ ಭಾಗಗಳನ್ನು ಮಕ್ಕಳಿಗೆ ತೋರಿಸಿದರು. ಜಗಳೂರಿಗೆ ವರ್ಗವಾಗುವಷ್ಟರಲ್ಲಿ ಆ ಸಿಡಿಗಳು ಗೀರು ಬಿದ್ದು ಹಾಳಾಗಿದ್ದವು. ಹಾಗಾಗಿ ಜಗಳೂರಿನ ಮಕ್ಕಳಿಗೆ ದಕ್ಕಿದ್ದು ಅದಕ್ಕಿಂತ ಹಳೆಯ ಕಪ್ಪು ಬಿಳುಪಿನ ಭಾಗಗಳು. ನಿವೃತ್ತಿಯಾದ ಮೇಲೆ ಮೇಷ್ಟ್ರು ಎರಡೂ ಊರಿನ ಶಿಷ್ಯರನ್ನು ಟೆಲಿಗ್ರಾಂ ಗುಂಪೊಂದರಲ್ಲಿ ಕೂಡಿಹಾಕಿದರು. ನಿಜ ಹೆಸರು ಹೇಳಬಾರದು, ಈಗ ಇರುವ ಊರು ಹೇಳಬಾರದು, ಎಲ್ಲರಿಗೂ ಗುಪ್ತನಾಮ. ಇವಳು ಜಗಳೂರಿನ 'ಸಾಸಿವೆ'. ಅವನು ಹೊನ್ನಾಳಿಯ 'ಹುರುಳಿ'.

ಎಂಟು ತಿಂಗಳಿಂದ ಇಬ್ಬರದೂ ಒಂದೇ ಜಗಳ.

"ನಿಮ್ಮ ಕಪ್ಪು ಬಿಳುಪಿನ ಬೇಹುಗಾರ್ತಿ ಬರೀ ನಡುಗ್ತಾಳೆ ರೀ! ಬಾಗ್ಲು ತಟ್ಟಿದ್ರೆ ನಡುಕ, ಫೋನ್ ಬಂದ್ರೆ ನಡುಕ!"

"ನಡುಗ್ತಾನೇ ಬಾಗ್ಲು ತೆಗೀತಾಳಲ್ಲ? ನಿಮ್ಮ ಬಣ್ಣದ ಹೀರೋಗೆ ಹೆದರಿಕೇನೇ ಇಲ್ಲ. ಹೆದರಿಕೆ ಇಲ್ದೋನಿಗೆ ಧೈರ್ಯ ಯಾಕೆ ಬೇಕು?"

ಅವತ್ತು ಹುರುಳಿ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಗುಂಪಿನಾಚೆ, ಅವಳೊಬ್ಬಳಿಗೇ ಬರೆದ: 'ಸೋತೆ. ಊಟ ಆಯ್ತಾ?'

ಅಂದಿನಿಂದ ಆ ಒಂದು ಪ್ರಶ್ನೆಗೆ ಕಾಯುತ್ತಾ ಕೂರುವುದು ಇವಳಿಗೆ ಚಾಳಿಯಾಗಿಬಿಟ್ಟಿತ್ತು. ಅದಕ್ಕೆ ಪ್ರೀತಿ ಎನ್ನುತ್ತಾರೆಂದು ಒಪ್ಪಿಕೊಳ್ಳಲೂ ಹುಡುಗಿಗೆ ಭಯ!

ಅವನಿಗೇ ಬರೆದಳು. 'ಯಾರೋ ಮೂರು ದಿನದಿಂದ ನನ್ನ ಹಿಂದೆ ಬಿದ್ದಾನೆ. ಈಗಲೂ ಬಸ್ ನಿಲ್ದಾಣದಲ್ಲಿ ಅದಾನೆ. ಭಯ ಆಗ್ತೈತೆ.'

ಉತ್ತರ ತಕ್ಷಣ ಬಂತು. 'ಹೆದರಬ್ಯಾಡ್ರಿ. ಒಬ್ರೇ ಮನೆ ಕಡೆ ಹೋಗಬ್ಯಾಡ್ರಿ. ನಿಮ್ಮ ಬೇಹುಗಾರ್ತಿ ಮಾಡ್ತಾಳಲ್ಲ, ಹಂಗೆ ಮಾಡ್ರಿ. ಹೊರಡೋ ಬಸ್ಸಿಗೆ ಹಿಂದಿನ ಬಾಗ್ಲಲ್ಲಿ ಹತ್ತಿ, ಮುಂದಿನ ಬಾಗ್ಲಲ್ಲಿ ಇಳೀರಿ. ಇವತ್ತು ಕಪ್ಪು ಬಿಳುಪೇ ಗೆಲ್ಲಲಿ.'

ತಲೆ ಎತ್ತಿದಳು. ಕಂಬದ ಹತ್ತಿರ ನಿಂತವನೂ ತನ್ನ ಫೋನಿನಲ್ಲಿ ಮುಳುಗಿದ್ದ. ಇದೇ ಸಮಯ!

ಶಿವಮೊಗ್ಗದ ಖಾಸಗಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹಿಂದಿನ ಬಾಗಿಲಿಗೆ ಓಡಿ ಹತ್ತಿದಳು. ಕಿಟಕಿಯಲ್ಲಿ ನೋಡಿದರೆ... ಅಯ್ಯೋ! ಅವನೂ ಓಡಿ ಬರುತ್ತಿದ್ದಾನೆ! ಹಿಂದಿನ ಬಾಗಿಲು ಹತ್ತೇಬಿಟ್ಟ! "ದಾರಿ ಬಿಡ್ರಿ, ದಾರಿ ಬಿಡ್ರಿ" ಎನ್ನುತ್ತ ಜನರ ನಡುವೆ ತೂರಿ ಮುಂದಿನ ಬಾಗಿಲಲ್ಲಿ ಧುಮುಕಿದಳು.

"ರೈಟ್... ರೈಟ್!"

ಬಸ್ಸು ಹೊರಟೇ ಹೋಯಿತು, ಅವನನ್ನು ಹೊತ್ತುಕೊಂಡು. ದುರ್ಗಾಂಬಿಕಾ ಅಲ್ಲೇ ಕಟ್ಟೆಯ ಮೇಲೆ ಕುಸಿದು, ಅಳುತ್ತ ನಗುತ್ತ ಬರೆದಳು.

'ಗೆದ್ವಿ ರೀ! ಶಿವಮೊಗ್ಗ ಬಸ್ಸಲ್ಲಿ ಹೋಗೇಬಿಟ್ಟ!'

 ಉತ್ತರಗಳು ಒಂದೊಂದಾಗಿ ಬಂದವು.

'ನೀವು ಇರೋದು ಚನ್ನಗಿರೀಲಾ?'

'ಹಸಿರು ಚೂಡಿದಾರ... ಬಿಳೀ ವೇಲು?'

 'ನಿಮಗೆ ಹೆಂಗೆ ಗೊತ್ತು?'

'ಆ ಬಸ್ಸಲ್ಲಿ ಇರೋನು ನಾನೇ.'

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಇಡೀ ಲೋಕದಲ್ಲಿ ನಂಬಿದ್ದು ಒಬ್ಬನನ್ನು. ಎಂಟು ತಿಂಗಳು ಊಟ ವಿಚಾರಿಸಿದವನೇ ಬೆನ್ನು ಹತ್ತಿದವನು! ಎಲ್ಲಾ ತಿಳಿದೇ ಆಟ ಆಡಿಸಿದನೇ? ಓಡುತ್ತ ಮನೆ ಸೇರಿ ಅಗುಳಿ ಹಾಕಿದಳು. ಅವನ ಸಂದೇಶಗಳನ್ನು ಓದಲೂ ಇಲ್ಲ.

ಸ್ವಲ್ಪ ಹೊತ್ತಿಗೆ ಮಹೇಶ್ವರಪ್ಪ ಮೇಷ್ಟ್ರ ಫೋನು ಬಂತು.

"ತಪ್ಪು ನಂದಮ್ಮ! ಹುರುಳಿ ಈಗಷ್ಟೇ ಫೋನ್ ಮಾಡಿ ಎಲ್ಲಾ ಹೇಳ್ದ. ಆ ಹುಡುಗ ಆಂಜನೇಯ ಅಂತ, ನಿಮ್ಮ ಪೈಕೀನೇ. ನ್ಯಾಮತೀಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಾನೆ. ನಿಮ್ಮಿಬ್ಬರ ಜಗಳ ನೋಡಿ ನೋಡಿ, ಸರಿಯಾದ ಜೋಡಿ ಅನ್ನಿಸ್ತು. ಅವರವ್ವಗೆ ನಿನ್ನ ಹೆಸರು ಹೇಳಿದ್ದೆ. ನೀನೇ ಸಾಸಿವೆ ಅಂತ ಅವನಿಗೆ ಗೊತ್ತಿಲ್ಲಮ್ಮ, ನನ್ನಾಣೆ. ಹುಡುಗಿ ವಿಚಾರಿಸಾಕೆ ಬಂದಿದ್ದ, ಅಷ್ಟೇ."

ಅಷ್ಟೇ! ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುವ ಸೀಮೆಯಲ್ಲಿ, ಹೆಣ್ಣು ಕೇಳುವ ಮುಂಚೆ ಗುಟ್ಟಾಗಿ ಬಂದು ನಾಲ್ಕು ಜನರನ್ನು ವಿಚಾರಿಸುವುದು ಎಲ್ಲರೂ ಮಾಡುವುದೇ. ಆ ನಾಲ್ಕು ಜನರ ಬಾಯಿಗೆ ಬಿದ್ದ ಹುಡುಗಿಯ ಗತಿ ಏನೆಂದು ಯಾರು ಕೇಳುತ್ತಾರೆ?

"ನಾಳೆ ಭಾನುವಾರ, ಹತ್ತು ಗಂಟೆಗೆ ಬರಾಕೆ ಹೇಳ್ರಿ ಸರ್," ಎಂದಳು ದುರ್ಗಾಂಬಿಕಾ. ದನಿ ಇನ್ನೂ ನಡುಗುತ್ತಿತ್ತು.

ಆಂಜನೇಯ ಹತ್ತಕ್ಕೆ ಐದು ನಿಮಿಷ ಮೊದಲೇ ಬಂದ. ಮನೆಯೊಡತಿ ಚೌಡಮ್ಮ ಪೊರಕೆ ಹಿಡಿದೇ ಜಗಲಿಯಲ್ಲಿ ಕೂತಿದ್ದಳು.

"ಯಾರ್ಯಾರನ್ನ ಕೇಳಿದ್ರಿ?" ಬಾಗಿಲಲ್ಲೇ ನಿಂತು ಕೇಳಿದಳು ದುರ್ಗಾಂಬಿಕಾ.

"ಟೀ ಅಂಗಡಿಯೋರ್ನ... ಹೂವಿನೋಳ್ನ... ಓಣಿಯಾಗೆ ಇಬ್ರನ್ನ."

"ನನ್ನನ್ನ?"

ಅವನು ತಲೆ ತಗ್ಗಿಸಿದ. "ನಿಮ್ಮಾಗೆ ಏನಾದ್ರೂ ಕೊಂಕು ಸಿಗ್ಲಿ ಅಂತ ಹುಡುಕ್ತಿದ್ದೆ ರೀ. ನೀವು ಮನೆ ಕಡೆ ಹೋಗೋದು ಬಿಟ್ಟು ಶಿವಮೊಗ್ಗ ಬಸ್ಸು ಹತ್ತಿದ ಕೂಡ್ಲೇ ಸಿಕ್ತು ಅಂತ ಓಡಿ ಬಂದೆ."

"ಕೊಂಕು ಯಾಕೆ ಬೇಕಿತ್ತು?"

"ಈ ಹುಡುಗಿ ಬ್ಯಾಡ ಅಂತ ಅವ್ವಗೆ ಹೇಳಾಕೆ. ಮನಸ್ಸು ಬ್ಯಾರೆ ಕಡೆ ಇತ್ತು."

"ಎಲ್ಲಿ?"

"ಸಾಸಿವೆ ಹತ್ರ..."

ಅವಳ ಕಣ್ಣು ತುಂಬಿತು. 'ಇದನ್ನು ಕೇಳಲು ಎಷ್ಟು ದಿನ ಕಾದಿದ್ದೆ! ಕೇಳುವಾಗ ಹೀಗೆ ನಡುಗಬೇಕೇ?'

"ನಂಗೆ ಖುಷಿ ಆಗಬೇಕಿತ್ತು. ಆಗ್ತಿಲ್ಲ ರೀ," ಎಂದಳು. "ನೀವು ಕೇಳಿದೋರಲ್ಲಿ ಒಬ್ಬರು ಸೊಕ್ಕೆಗೆ ಸುದ್ದಿ ಮುಟ್ಟಿಸಿದ್ರೆ ನನ್ನ ಕೆಲ್ಸ ಹೋದಂಗೇ."

ಮಾತು ಮುಗಿದಿರಲಿಲ್ಲ, ಫೋನು ಹೊಡೆದುಕೊಂಡಿತು. ಜಂಪಣ್ಣ!

"ಕೊಡ್ರಿ, ನಾನು ಮಾತಾಡ್ತೀನಿ," ಆಂಜನೇಯ ಕೈ ಚಾಚಿದ.

"ಬ್ಯಾಡ. ಮೊದ್ಲು ನಾನು."

ಅಣ್ಣನ ಗುಡುಗು ಜಗಲಿಗೆಲ್ಲ ಕೇಳಿಸಿತು. "ಯಾವನೋ ನಿನ್ನ ಹಿಂದೆ ತಿರುಗ್ತಾನಂತೆ? ಗಂಟು ಕಟ್ಟು, ಬರ್ತಿದೀನಿ!"

 ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಾ ಅಣ್ಣ. ಆದ್ರೆ ಗಂಟು ಕಟ್ಟಲ್ಲ. ತಪ್ಪು ಮಾಡಿದೋರು ಇಲ್ಲೇ ಕುಂತಾರೆ, ಅವರನ್ನ ಕೇಳು. ಅವತ್ತು ಕಾಲೇಜು ಬಿಡಿಸಿದಾಗ ಸುಮ್ನಿದ್ದೆ. ಈ ಸಲ ಸುಮ್ನಿರಲ್ಲ!"

ಫೋನನ್ನು ಅವನ ಕೈಗಿಟ್ಟಳು.

"ಅಣ್ಣಾರೆ, ನಾನು ನ್ಯಾಮತಿ ಆಂಜನೇಯ. ಹಿಂದೆ ತಿರುಗಿದ್ದು ನಾನೇ. ಅವರದು ಒಂದು ಸಾಸಿವೆಯಷ್ಟೂ ತಪ್ಪಿಲ್ಲ. ನೀವು ಬರೋವರ್ಗೂ ಇಲ್ಲೇ ಇರ್ತೀನಿ."

 "ಇರು," ಎಂದು ಆ ಕಡೆಯಿಂದ ಫೋನು ಕಟ್ಟಾಯಿತು.

ಜಂಪಣ್ಣ ಬರಲು ಮೂರು ತಾಸು ಹಿಡಿಯಿತು. ಆಂಜನೇಯ ಜಗಲಿಯಿಂದ ಏಳಲಿಲ್ಲ. ಚೌಡಮ್ಮ ಮನಸ್ಸು ಕರಗಿ ಪೊರಕೆ ಒಳಗಿಟ್ಟು ಮಂಡಕ್ಕಿ ತಂದುಕೊಟ್ಟರೆ, ಹೆದರಿಕೆಗೆ ಅದನ್ನು ಮುಟ್ಟಲೂ ಇಲ್ಲ.

ಬೈಕು ನಿಲ್ಲಿಸಿದ ಜಂಪಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ಓಡಿ ಹೋಗಿರ್ತೀಯ ಅನ್ಕೊಂಡಿದ್ದೆ."

"ಕಾಲು ನಡುಗ್ತಾವೆ ಅಣ್ಣಾರೆ, ಓಡಾಕೂ ಆಗಲ್ಲ."

ಜಂಪಣ್ಣ ಅವನನ್ನು ಅಲ್ಲೇ ಬಿಟ್ಟು ತಂಗಿಯ ಎದುರು ಬಂದು ನಿಂತ. ಅವಳು ಕಣ್ಣು ಮುಚ್ಚಿದಳು. ಬೈಗುಳಕ್ಕೆ ಕಾದಳು.

"ಏನ್ ಮಾಡಾಣವ್ವ?" ಎಂದ ಅಣ್ಣ, ತಗ್ಗಿದ ದನಿಯಲ್ಲಿ. "ಆವಾಗ ನಿನ್ನ ಒಂದು ಮಾತು ಕೇಳ್ಲಿಲ್ಲ ನಾನು. ಈಗ ನೀನೇ ಹೇಳು."

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ಕೆಲ್ಸ ಬಿಡಲ್ಲ ಅಣ್ಣ."

"ಬಿಡಬ್ಯಾಡ. ಇವನು?"

"ಅದು... ಅವರು ಇನ್ನೂ ನನ್ನ ಕೇಳಿಲ್ಲ."

ಜಂಪಣ್ಣ ಕೆಮ್ಮಿ, ನೀರು ಕುಡಿಯುವ ನೆವದಲ್ಲಿ ಚೌಡಮ್ಮನ ಹಿಂದೆ ಒಳಗೆ ಹೋದ.

ಆಂಜನೇಯ ಎದ್ದು ನಿಂತ. "ದುರ್ಗಾ ಅವ್ರೇ... ನನ್ನ ಮದುವೆ ಆಗ್ತೀರಾ? ಬ್ಯಾಡ ಅಂದ್ರೂ ಸರಿ, ಮತ್ತೆ ಈ ಓಣಿಗೆ ಕಾಲಿಡಲ್ಲ."

"ನಂಗೆ ಇನ್ನೂ ಸ್ವಲ್ಪ ಭಯ ಐತೆ ರೀ."

"ನಂಗೂ."

"ಹಂಗಾದ್ರೆ ಪಕ್ಕದಾಗೆ ನಡೀರಿ, ಹಿಂದೆ ಬರಬ್ಯಾಡ್ರಿ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ.

"ಅಂದ್ರೆ... ಹೂಂ ಅಂದಂಗಾ?"

"ಹೂಂ ರೀ."